ಶಿರಸ್ತೇದಾರರ ಸಿಗಡಿ ಕೆರೆ

ಶಿರಸ್ತೇದಾರರು ತೀರಿಕೊಂಡ ಸುದ್ದಿಯನ್ನು ನಮ್ಮ ಮನೆಗೆ ತಂದವರು ಹಾಲಿನ ಸೊಸೈಟಿಯ ಗುಮಾಸ್ತರು. ನಾನು ಗೇಟಿನ ಹತ್ತಿರ ಹೋಗಿ ಮೊದಲು ಕೇಳಿದ್ದು, "ಯಾರು ಹೇಳಿದ್ದು? ನೀವೇ ನೋಡಿದ್ದಾ?" ಎಂದು. ಗುಮಾಸ್ತರು ಬೇಸರದಿಂದ ನನ್ನ ಮುಖ ನೋಡಿದರು. ಸಾವಿನ ಸುದ್ದಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಆದರೆ ಇಷ್ಟು ವರ್ಷ ಶಿರಸ್ತೇದಾರರ ನೆರೆಯಲ್ಲಿ ಬದುಕಿದ ನಮಗೆ ಆ ಪ್ರಶ್ನೆ ತಾನಾಗಿಯೇ ಬಾಯಿಗೆ ಬರುತ್ತಿತ್ತು. ಅದು ಅವರದೇ ಪ್ರಶ್ನೆ.

ಅವರನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಶಿರಸ್ತೇದಾರರು ಎಂದರೆ ಸಾಕು. ಕಾರ್ಕಳದ ಕೋರ್ಟಿನಲ್ಲಿ ನಿವೃತ್ತರಾಗಿ ಕಾಪುವಿನಿಂದ ಎರಡು ಮೈಲು ಒಳಗಿರುವ ನಮ್ಮ ಊರಿಗೆ, ತಂದೆಯ ಕಾಲದ ಮನೆಗೆ ಬಂದು ನೆಲೆಸಿದ್ದರು. ತೆಳ್ಳಗಿನ ಎತ್ತರದ ಮನುಷ್ಯ. ಎಂಥ ಸೆಕೆಯಲ್ಲೂ ಅಂಗಿಯ ಕೊರಳಿನ ಗುಂಡಿ ಹಾಕಿಯೇ ಇರುತ್ತಿದ್ದರು. ಎದುರಿನವರು ಏನಾದರೂ ಹೇಳಿದರೆ ಕೊನೆಯ ಮಾತನ್ನು ಹಿಡಿದು ತಿರುಗಿ ಕೇಳುತ್ತಿದ್ದರು. "ಉಡುಪಿಗೆ ಹೋಗಿದ್ದೆ" ಎಂದರೆ, "ಹೋಗಿದ್ದೆ?" ಆಗ, ನಿಜವಾಗಿ ಹೋಗಿದ್ದರೂ, ಹೋಗಿದ್ದೆನೋ ಇಲ್ಲವೋ ಎಂದು ನಮಗೇ ಅನುಮಾನ ಬರುತ್ತಿತ್ತು. ಸಂಶಯ ಬಲವಾದಾಗ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ ಎಡಗಿವಿಯನ್ನು ಮುಂದೆ ಮಾಡುತ್ತಿದ್ದರು. "ಸುಳ್ಳನ್ನು ಮುಖದಲ್ಲಿ ನೋಡ್ಲಿಕ್ಕೆ ಹೋಗ್ಬಾರ್ದು ಟೀಚರ್ರೇ, ಮುಖ ಎಲ್ಲರೂ ಅಭ್ಯಾಸ ಮಾಡಿ ಬಂದಿರ್ತಾರೆ. ಕಿವಿಯಲ್ಲಿ ಹಿಡಿಬೇಕು" ಎಂದು ಒಮ್ಮೆ ನನಗೆ ಹೇಳಿಕೊಟ್ಟಿದ್ದರು.

ಅವರ ಇನ್ನೊಂದು ಗುರುತು ಭಾಷೆ. ನಮ್ಮೆಲ್ಲರ ಮನೆಮಾತು ತುಳು, ಅವರದೂ ಅದೇ. ಮಳೆ, ಮಾವಿನಮಿಡಿ, ದನದ ಕರು, ಅವರಿವರ ಮದುವೆ ಎಲ್ಲವನ್ನೂ ತುಳುವಿನಲ್ಲೇ ಆಡುವರು. ಅನುಮಾನ ಬಂದ ಕೂಡಲೇ ಕನ್ನಡಕ್ಕೆ ಹೋಗಿಬಿಡುವರು. ಅದೂ ಕೋರ್ಟಿನ ಕನ್ನಡ, ಬಹುವಚನದ ಕನ್ನಡ. ತೆಂಗಿನಕಾಯಿ ಕೀಳುವವನೊಡನೆ ತುಳುವಿನಲ್ಲಿ ನಗುತ್ತ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ, "ಈ ಮರದಿಂದ ನೀವು ಇಳಿಸಿದ ಕಾಯಿಗಳು ಇಷ್ಟೆಯೋ?" ಎಂದರೆ ಅವನ ಮುಖ ಬಿಗಿದುಕೊಳ್ಳುತ್ತಿತ್ತು. ಊರಿನಲ್ಲಿ ಒಂದು ಮಾತೇ ಹುಟ್ಟಿತ್ತು: "ಜಾಗ್ರತೆ ಮಾರಾಯ, ಕನ್ನಡಕ್ಕೆ ಬಂದಿದ್ದಾರೆ."

ಮನೆಯೊಳಗೂ ಬಿಡುವಿರಲಿಲ್ಲ. ಒಂದು ದಿನ ನಾನು ಅವರ ಜಗಲಿಯಲ್ಲಿ ಕೂತಿದ್ದಾಗ ಕಾಫಿಯ ಒಂದು ಗುಟುಕು ಕುಡಿದು, ಒಳಗಿನ ಹೆಂಡತಿಗೆ ಕೇಳುವಂತೆ, "ಹಾಲಿಗೆ ನೀರು ಬೆರೆಸಲಾಗಿದೆಯೋ?" ಎಂದರು. ಆಕೆ ಬಾಗಿಲಿಗೆ ಬಂದರು. "ದನ ನಮ್ಮದೇ, ಕರೆದದ್ದು ನಾನೇ. ನೀರು ಸೇರಿದ್ದರೆ ದನವೇ ಸೇರಿಸಿರ್ಬೇಕು" ಎಂದು ಹೇಳಿ ಒಳಗೆ ಹೋದರು. ಶಿರಸ್ತೇದಾರರು ನಗಲಿಲ್ಲ. ಸ್ವಲ್ಪ ಹೊತ್ತು ಕೊಟ್ಟಿಗೆಯ ಕಡೆ ನೋಡಿದರು.

ಹೀಗೆ ಬರೆದರೆ ಅವರು ಕೇವಲ ನಗೆಪಾಟಲಿನ ಮನುಷ್ಯ ಎಂದು ಕಾಣಬಹುದು. ಆದರೆ ಓದು ಬರದವರಿಗೆ ಅವರು ಅರ್ಜಿ ಬರೆದುಕೊಡುತ್ತಿದ್ದರು. ಉಳುವವರಿಗೆ ಭೂಮಿ ಕೊಡುವ ಭೂಮಸೂದೆಯ ಅರ್ಜಿಗಳ ಕಾಲದಲ್ಲಿ ಅವರ ಜಗಲಿಯಲ್ಲಿ ಬೆಳಿಗ್ಗೆ ಜನ ಸಾಲು ಕೂತಿರುತ್ತಿದ್ದರು. ಯಾರಿಂದಲೂ ಒಂದು ಬಾಳೆಹಣ್ಣನ್ನೂ ಅವರು ಮುಟ್ಟಿದವರಲ್ಲ. ಸ್ವಂತ ಸೋದರಳಿಯನ ಅರ್ಜಿಯಲ್ಲಿ ಸುಳ್ಳಿದೆ ಎಂದು ತಿಳಿದಾಗ ಅವನೆದುರೇ ಅದನ್ನು ಹರಿದು ಹಾಕಿದ್ದರು. ಅವರ ಸಂಶಯಕ್ಕೆ ಬಡವ ಬಲ್ಲಿದ ಎಂಬ ಭೇದವಿರಲಿಲ್ಲ. ತಮ್ಮ ಮೇಲೂ ಇತ್ತು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, "ನೀವೊಂದು ಸಲ ಎಳೀರಿ ಟೀಚರ್ರೇ, ನನ್ನ ಕೈಯನ್ನು ನನಗೆ ನಂಬಿಕೆ ಇಲ್ಲ" ಎನ್ನುತ್ತಿದ್ದರು.

ನಾನು ಆಗ ಉಡುಪಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕೆಲಸ ಹೊಸದು, ಕಲಿತದ್ದಕ್ಕಿಂತ ಹೆಚ್ಚು ತಿಳಿದಿದೆ ಎಂದು ತೋರಿಸಿಕೊಳ್ಳುವ ವಯಸ್ಸು. ಕೆರೆಯ ಕಥೆ ಶುರುವಾದದ್ದು ಅಲ್ಲಿಂದ.

ನಮ್ಮ ಊರಿನ ಗದ್ದೆಗಳ ನಡುವೆ ಹೊಳೆಯ ಒಂದು ತೋಡು ಹರಿಯುತ್ತದೆ. ಉಬ್ಬರದ ಹೊತ್ತಿಗೆ ಸಮುದ್ರದ ನೀರು ಅಲ್ಲಿಯ ತನಕ ಏರುತ್ತದೆ. ತೋಡಿನ ಪಕ್ಕದ ಅವರ ತಗ್ಗಿನ ಗದ್ದೆಗೆ ವರ್ಷ ವರ್ಷವೂ ಉಪ್ಪು ನೀರು ನುಗ್ಗಿ ಬೆಳೆ ಕೆಡುತ್ತಿತ್ತು. ಬೇಸತ್ತು ಅವರು ಗದ್ದೆಯನ್ನು ಅಗೆಸಿ ಕೆರೆ ಮಾಡಿದರು. ಮೇಲಿನ ಒರತೆಯ ಸಿಹಿನೀರು, ಕೆಳಗಿನ ತೋಡಿನ ಉಪ್ಪುನೀರು ಎರಡೂ ಸೇರುವಂತೆ ಹಲಗೆಯ ಬಾಗಿಲು ಇಡಿಸಿದರು. ಹಲಗೆಗೆ ಬೀಗ. ಆ ದಿನಗಳಲ್ಲಿ ಸಿಗಡಿ ಡಬ್ಬಿ ಸೇರಿ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ ಎಂಬ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಮಲ್ಪೆಯಲ್ಲಿ ಕಡಲಿನಿಂದ ತರುವುದನ್ನು ನಾವು ಗದ್ದೆಯಲ್ಲಿ ಯಾಕೆ ಸಾಕಬಾರದು ಎಂದು ಅವರಿಗೆ ಹೊಳೆದಿತ್ತು.

"ಹೊಳೆಯ ದೊಡ್ಡ ಸಿಗಡಿ ಬಿಡುವುದಾ, ತೋಡಿನ ಸಣ್ಣದು ಬಿಡುವುದಾ?" ಎಂದು ನನ್ನನ್ನು ಕೇಳಿದರು. ಹೊಳೆಯದು ಎಂದರೆ ಏಡಿಯದರಂಥ ಉದ್ದ ನೀಲಿ ಕೊಂಡಿಗಳ, ಅಂಗೈ ಮೀರುವ ಜಾತಿ. ತೋಡಿನದು ಬೆರಳಿನಷ್ಟು ಉದ್ದದ ಬಿಳಿ ಸಿಗಡಿ.

ನಾನು ಕಾಲೇಜಿನ ಲೈಬ್ರರಿಯಲ್ಲಿ ಒಂದು ಕಿರುಹೊತ್ತಗೆ ನೋಡಿದ್ದೆ. ಮೊದಲ ಎರಡು ಪುಟ ಓದಿದ್ದೆ. "ಎರಡನ್ನೂ ಒಟ್ಟಿಗೆ ಬಿಡಬಹುದು. ಒಂದೇ ನೀರು, ಒಂದೇ ಆಹಾರ. ದೊಡ್ಡದು ಬೆಳೆಯಲಿಕ್ಕೆ ತಿಂಗಳುಗಟ್ಟಲೆ ಬೇಕು, ಸಣ್ಣದು ಬೇಗ ಸಿಗ್ತದೆ" ಎಂದೆ.

"ಸಿಗ್ತದೆ?" ಎಂದರು.

"ಪುಸ್ತಕದಲ್ಲಿ ಉಂಟು."

ಅವರು ಕನ್ನಡಕ ಮೇಲೆತ್ತಲಿಲ್ಲ. ಪುಸ್ತಕವನ್ನು ಮಾತ್ರ ಅವರು ನಂಬುತ್ತಿದ್ದರು. ಲಿಖಿತ ದಾಖಲೆ.

ಕೆರೆಗೆ ಆಹಾರ ಹಾಕಲು ಗುಲಾಬಿಯಕ್ಕ ಬಂದಳು. ಕಾಪುವಿನ ಕಡಲತೀರದಿಂದ ಬುಟ್ಟಿ ಹೊತ್ತು ಒಳನಾಡಿನ ಮನೆಗಳಿಗೆ ಮೀನು ಕೊಂಡುಬರುವವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡನಿಲ್ಲ, ಮಕ್ಕಳಿಲ್ಲ, ಅಣ್ಣನ ಮನೆಯ ಪಕ್ಕದ ಒಂದು ಕೋಣೆಯಲ್ಲಿ ಇದ್ದಳು. ನಮ್ಮ ಊರಿನ ಮೂವತ್ತಕ್ಕೂ ಹೆಚ್ಚು ಮನೆಗಳ ಹಿತ್ತಿಲು ಅವಳಿಗೆ ಸ್ವಂತದ್ದರಂತೆ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಬಂಗುಡೆ ಆಗುವುದಿಲ್ಲ ಎಲ್ಲ ಗೊತ್ತಿತ್ತು. ಅಕ್ಟೋಬರಿನಲ್ಲಿ ಹೊಳೆಯ ಮರಿ, ತೋಡಿನ ಮರಿ ಎರಡನ್ನೂ ಹಿಡಿಸಿ, ಮಣ್ಣಿನ ಮಡಕೆಗಳಲ್ಲಿ ತಂದು ಸೋಬಾನೆ ಗುನುಗುತ್ತ ಕೆರೆಗೆ ಇಳಿಸಿದ್ದು ಅವಳೇ. ದಿನವೂ ಮೀನು ಮಾರಿ ಮುಗಿಸಿ ಹಿಂದೆ ಹೋಗುವಾಗ ತೌಡು, ನೆಲಗಡಲೆ ಹಿಂಡಿ ಕಲಸಿ ಹಾಕುವಳು. ಒಂದು ಚಪ್ಪಟೆ ಬುಟ್ಟಿಯಲ್ಲಿ ಸ್ವಲ್ಪ ಹಿಂಡಿ ಇಟ್ಟು ನೀರಿಗೆ ಇಳಿಸಿ ಸ್ವಲ್ಪ ಹೊತ್ತಿನ ಮೇಲೆ ಎತ್ತಿ ನೋಡುವುದು ಕ್ರಮ. ಎಷ್ಟು ತಿಂದಿವೆ, ಎಷ್ಟು ಬಂದಿವೆ ಎಂದು ಅದರಲ್ಲಿ ತಿಳಿಯುತ್ತದೆ.

ಮೊದಮೊದಲು ಬುಟ್ಟಿ ಎತ್ತಿದರೆ ಸಣ್ಣ ಸಿಗಡಿಗಳು ಭತ್ತ ಹುರಿದ ಹಾಗೆ ಸಿಡಿಯುತ್ತಿದ್ದವು. ಶಿರಸ್ತೇದಾರರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ದಂಡೆಯ ಮೇಲೆ ನಿಂತು ನೋಡುವರು. ಅವರ ಮುಖದಲ್ಲಿ ನಿಜವಾದ ಸಂತೋಷ ನಾನು ನೋಡಿದ್ದು ಆ ಎರಡು ತಿಂಗಳು ಮಾತ್ರ. ಜನವರಿಯ ಹೊತ್ತಿಗೆ ಬುಟ್ಟಿಯಲ್ಲಿ ಸಣ್ಣವು ಕಡಿಮೆಯಾದವು. ಫೆಬ್ರವರಿಯಲ್ಲಿ ಇನ್ನೂ ಕಡಿಮೆ.

ಅವರು ಮೊದಲು ಅನುಮಾನಿಸಿದ್ದು ನೀರುನಾಯಿಯನ್ನು. ದಂಡೆಗೆ ಬೂದಿ ಚೆಲ್ಲಿಸಿ ಹೆಜ್ಜೆ ಹುಡುಕಿದರು. ತಮ್ಮದೇ ಚಪ್ಪಲಿಯ ಗುರುತು ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ನೀರುಕಾಗೆ. ಕೆರೆಯ ಮೇಲೆ ಹಳೆಯ ಬಲೆ ಕಟ್ಟಿಸಿದರು. ಸತ್ತ ಸಿಗಡಿ ತೇಲುತ್ತದೋ ಎಂದು ದಿನಾ ಮುಂಜಾನೆ ಸುತ್ತು ಹಾಕಿದರು. ಒಂದೂ ತೇಲಲಿಲ್ಲ, ಒಂದು ಚಿಪ್ಪೂ ಸಿಗಲಿಲ್ಲ. "ಸತ್ತದ್ದಕ್ಕೆ ಹೆಣ ಬೇಕಲ್ಲ ಟೀಚರ್ರೇ? ಹೆಣ ಇಲ್ಲ. ಹಾಗಾದರೆ ಸತ್ತಿಲ್ಲ. ಸಾಗಿಸಲಾಗಿದೆ" ಎಂದರು. ಆ 'ಸಾಗಿಸಲಾಗಿದೆ' ಎಂಬ ಮಾತು ಕನ್ನಡದಲ್ಲಿತ್ತು.

ಏಪ್ರಿಲ್‌ನಲ್ಲಿ ಇಳಿತದ ದಿನ ನೋಡಿ ಹಲಗೆ ಎತ್ತಿಸಿ ನೀರು ಬಿಟ್ಟರು. ಊರಿನ ಅರ್ಧ ಜನ ದಂಡೆಯ ಮೇಲಿದ್ದರು. ಕೆಸರಿನಲ್ಲಿ ದೊಡ್ಡ ನೀಲಿ ಕೊಂಡಿಯವು ಸಿಕ್ಕಿದವು, ಅದ್ಭುತವಾಗಿ ಬೆಳೆದಿದ್ದವು. ಬಿಟ್ಟ ಮರಿಯ ಲೆಕ್ಕಕ್ಕೆ ಅವೂ ಬಹಳ ಕಡಿಮೆ. ಸಣ್ಣವು ಒಂದು ಬುಟ್ಟಿಯ ತಳ ಮುಚ್ಚುವಷ್ಟೂ ಇರಲಿಲ್ಲ.

ಶಿರಸ್ತೇದಾರರು ಮನೆಯಿಂದ ಸ್ಟೂಲು, ರಟ್ಟು, ಕಾಗದ ತರಿಸಿದರು. ದಂಡೆಯ ಮೇಲೆಯೇ ಕೂತು ಪಂಚನಾಮೆ ಬರೆಯತೊಡಗಿದರು. ಗುಲಾಬಿಯಕ್ಕ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಎದುರು ನಿಂತಿದ್ದಳು. ಅಷ್ಟು ತಿಂಗಳು ಅವಳನ್ನು ತುಳುವಿನಲ್ಲಿ ಏಕವಚನದಿಂದ ಕರೆದವರು ಈಗ ಕನ್ನಡಕ್ಕೆ ಬಂದರು.

"ಕೆರೆಯ ಹತ್ತಿರ ದಿನವೂ ಬರುತ್ತಿದ್ದವರು ನೀವೊಬ್ಬರೇ ಅಲ್ಲವೇ?"

"ಹೌದು ಧನಿಗಳೇ."

"ಬರುವಾಗ ತಲೆಯ ಮೇಲೆ ಬುಟ್ಟಿ ಇರುತ್ತಿತ್ತೋ?"

"ಮೀನಿನ ಬುಟ್ಟಿ. ಖಾಲಿ ಬುಟ್ಟಿ."

"ಖಾಲಿ ಬುಟ್ಟಿ?"

ಆಗ ಅವಳಿಗೆ ತಿಳಿಯಿತು. ದಂಡೆಯ ಮೇಲಿದ್ದ ನಮಗೂ ತಿಳಿಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, "ಕದೀಲಿಕ್ಕೆ ನಿಮ್ಮ ಕೆರೆ ಯಾಕೆ ಧನಿಗಳೇ? ಅಷ್ಟು ದೊಡ್ಡ ಸಮುದ್ರ ಉಂಟಲ್ಲ."

ಯಾರೋ ನಕ್ಕರು. ಶಿರಸ್ತೇದಾರರು ಅದನ್ನೂ ಬರೆದುಕೊಂಡರು. ಹೇಳಿಕೆ ಮುಗಿದ ಮೇಲೆ ಶಾಯಿಯ ಡಬ್ಬಿ ತೆರೆದು ಅವಳ ಮುಂದೆ ಹಿಡಿದರು.

"ಹೆಬ್ಬೆಟ್ಟು ಯಾಕೆ? ನನಗೆ ಹೆಸರು ಬರೀಲಿಕ್ಕೆ ಬರ್ತದೆ" ಎಂದಳು. ಪೆನ್ನು ತೆಗೆದುಕೊಂಡು ಕೆಸರಿನ ಕೈಯಲ್ಲೇ ನಿಧಾನವಾಗಿ ಮೂರು ಅಕ್ಷರ ಬರೆದಳು. ಕೆಳಗೆ ಇಬ್ಬರು ಪಂಚರ ಸಹಿ ಬೇಕಿತ್ತು. ಒಬ್ಬರು ಪಕ್ಕದ ಗದ್ದೆಯವರು. ಇನ್ನೊಬ್ಬಳು ನಾನು. ಓದಿದವಳು ಎಂದು ನನ್ನನ್ನು ಕರೆದರು. ನಾನು ಹಾಕಿದೆ.

ಅಂದು ಸಂಜೆ ಅವರೊಡನೆ ಒಂದು ಮಾತು ಆಡುವ ಧೈರ್ಯ ಮಾಡಿದೆ. "ಅವಳು ಹಾಗೆ ಮಾಡುವವಳ ಹಾಗೆ ಕಾಣುವುದಿಲ್ಲ."

"ಅವಳು ಅಳಲಿಲ್ಲ, ನೋಡಿದಿರಾ?"

"ಅತ್ತಿದ್ದರೆ ನಂಬ್ತಿದ್ದಿರಾ?"

"ಅತ್ತಿದ್ದರೂ ಇಲ್ಲ."

"ಹಾಗಾದರೆ ಅವಳು ಎಂತ ಮಾಡ್ಬೇಕಿತ್ತು?"

"ಅದು ನನಗೂ ಗೊತ್ತಿಲ್ಲ" ಎಂದರು. ಪೊಲೀಸರ ತನಕ ಅವರು ಹೋಗಲಿಲ್ಲ. ಪುರಾವೆ ಸಾಲದು ಎಂಬುದು ಅವರಿಗೇ ತಿಳಿದಿತ್ತು. ಪಂಚನಾಮೆಯನ್ನು ಮಡಚಿ ಕಪಾಟಿನಲ್ಲಿಟ್ಟರು. ಆದರೆ ದಂಡೆಯ ಮೇಲೆ ಅಷ್ಟು ಜನ ಕೇಳಿದ ಮೇಲೆ ಕಪಾಟಿಗೆ ಬೀಗ ಹಾಕಿ ಏನು ಪ್ರಯೋಜನ?

ನಾನು ಎರಡು ದೊಡ್ಡ ಸಿಗಡಿಗಳನ್ನು ಕಾಲೇಜಿನ ಮ್ಯೂಸಿಯಂಗೆಂದು ಕೇಳಿ ತಂದು ಫಾರ್ಮಲಿನ್‌ನಲ್ಲಿ ಇಟ್ಟಿದ್ದೆ. ವಾರ ಕಳೆದ ಮೇಲೆ ಒಂದನ್ನು ಬಾಟಲಿಗೆ ಇಳಿಸಿದೆ. ಇನ್ನೊಂದನ್ನು, ಒಳಾಂಗಗಳನ್ನು ತೋರಿಸುವ ಮಾದರಿ ಮಾಡೋಣವೆಂದು, ಮೇಣದ ತಟ್ಟೆಯಲ್ಲಿಟ್ಟು ಕೊಯ್ದೆ. ಜಠರದ ತುಂಬ ಚಿಪ್ಪಿನ ಚೂರು. ಭೂತಗನ್ನಡಿ ಹಿಡಿದೆ. ಸಣ್ಣ ಸಿಗಡಿಯ ಕಾಲಿನ ತುಂಡುಗಳು, ಸಾಸಿವೆಯಂಥ ಕಪ್ಪು ಕಣ್ಣು.

ಲೈಬ್ರರಿಗೆ ಹೋಗಿ ಆ ಕಿರುಹೊತ್ತಗೆಯನ್ನು ತೆಗೆದೆ. ನಾಲ್ಕನೆಯ ಪುಟದಲ್ಲಿ ಎಲ್ಲವೂ ಇತ್ತು. ಸಿಗಡಿ ಬೆಳೆಯುವಾಗ ಮತ್ತೆ ಮತ್ತೆ ಚಿಪ್ಪು ಕಳಚುತ್ತದೆ. ಕಳಚಿದ ಕೆಲವು ಗಂಟೆ ಅದರ ಮೈ ಬೆಣ್ಣೆಯ ಹಾಗೆ. ಆ ಹೊತ್ತಿನಲ್ಲಿ ಕೊಂಡಿಯ ಜಾತಿ ಅದನ್ನು ಹಿಡಿದು ತಿನ್ನುತ್ತದೆ, ಕಳಚಿದ ಚಿಪ್ಪನ್ನೂ ಬಿಡುವುದಿಲ್ಲ. ತನ್ನ ಜಾತಿಯ ಮರಿಯನ್ನೂ ಬಿಡುವುದಿಲ್ಲ. ಅಡಗಲು ತೆಂಗಿನ ಗರಿ, ಒಡೆದ ಹಂಚು ಹಾಕಬೇಕು. ಸಣ್ಣ ಜಾತಿಯೊಡನೆ ಬೆರೆಸಲೇಬಾರದು. ನಾನು ಆ ಪುಟ ತಿರುಗಿಸಿರಲಿಲ್ಲ.

ಅದೇ ದಿನ ಬಸ್ಸಿಳಿದು ನೇರ ಅವರ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ನೀರು ಇಳಿಸುವಾಗಿನ ಇಕ್ಕಟ್ಟಿನಲ್ಲಿ ಒಂದೆರಡನ್ನು ತಿಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನಗೆ ಆ ಕನ್ನಡದ ಭಯ. ಆ ಕನ್ನಡಕ ಹಣೆಗೇರಿ, ಆ ಎಡಗಿವಿ ನನ್ನ ಕಡೆ ತಿರುಗುವುದನ್ನು ನೆನೆದು ಅವರ ಗೇಟು ದಾಟಿ ನಮ್ಮ ಮನೆಗೆ ನಡೆದುಬಿಡುತ್ತಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ಹೀಗೆ ಐದು ವಾರ ಕಳೆಯಿತು.

ಅಷ್ಟರಲ್ಲಿ ಗುಲಾಬಿಯಕ್ಕನ ದಾರಿ ಬದಲಾಯಿತು. ಹಿತ್ತಿಲಿನ ತನಕ ಬರುತ್ತಿದ್ದವಳನ್ನು ಕೆಲವರು ಗೇಟಿನಲ್ಲೇ ನಿಲ್ಲಿಸಿದರು. ಕೆಲವರು "ಇವತ್ತು ಮೀನು ಬೇಡ" ಎಂದರು. ನಮ್ಮ ಮನೆಯಲ್ಲಿ ಅವಳು ಬಂದರೆ ಬುಟ್ಟಿ ಇಳಿಸಿ, ಬಾವಿಕಟ್ಟೆಯ ಮೇಲಿನ ಹಿತ್ತಾಳೆ ತಂಬಿಗೆಯಲ್ಲಿ ತಾನೇ ನೀರು ಸೇದಿ ಕುಡಿಯುವುದು ಎಷ್ಟೋ ವರ್ಷದ ರೂಢಿ. ಮೇ ತಿಂಗಳ ಒಂದು ಭಾನುವಾರ ಅವಳ ಕೂಗು ದೂರದಲ್ಲಿ ಕೇಳಿತು. ಅಮ್ಮ ಅಡುಗೆಮನೆಯಿಂದ ಎದ್ದು ಹೋಗಿ ತಂಬಿಗೆಯನ್ನು ಒಳಗೆ ತಂದಿಟ್ಟಳು.

"ಯಾಕಮ್ಮ?" ಎಂದೆ.

"ಅಲ್ಲಿ ಯಾಕೆ ಇರ್ಬೇಕು?" ಎಂದಳು. ನನ್ನ ಮುಖ ನೋಡಲಿಲ್ಲ.

ಗುಲಾಬಿಯಕ್ಕ ಬಂದು ಬಾವಿಕಟ್ಟೆ ನೋಡಿದಳು. ಬೂತಾಯಿ ಮೀನು ಅಳೆದು ಕೊಟ್ಟು, ನೀರು ಕೇಳದೆ ಹೋದಳು. ಆ ಬಿಸಿಲಿನಲ್ಲಿ ಅವಳ ಬೆನ್ನು ನೋಡುತ್ತ ನಿಂತಿದ್ದ ನಾನು ಚಪ್ಪಲಿ ಮೆಟ್ಟಿ ಶಿರಸ್ತೇದಾರರ ಮನೆಗೆ ಹೋದೆ.

ಎಲ್ಲ ಹೇಳಿದೆ. ಕೊಯ್ದದ್ದು, ಚೂರು, ನಾಲ್ಕನೆಯ ಪುಟ. ಯಾವಾಗ ಎಂಬುದೊಂದನ್ನು ಬಿಟ್ಟು.

ಅವರು ಕೂಡಲೇ ನಂಬಲಿಲ್ಲ. "ಪುಸ್ತಕ ಮೊದಲೂ ಇತ್ತು, ಈಗಲೂ ಉಂಟು. ಒಂದೇ ಪುಸ್ತಕ ಎರಡು ಮಾತಾಡ್ತದೆ. ನಾನು ಕಣ್ಣಲ್ಲಿ ನೋಡ್ಬೇಕು" ಎಂದರು. ದನಕ್ಕೆ ನೀರಿಡುವ ಸಿಮೆಂಟಿನ ತೊಟ್ಟಿಯನ್ನು ತೊಳೆಸಿ ಕೆರೆಯ ನೀರು ತುಂಬಿಸಿದರು. ಹಿಡಿಯುವಾಗ ತಪ್ಪಿಸಿಕೊಂಡು ಕೆರೆಯಲ್ಲಿ ಉಳಿದಿದ್ದ ಎರಡು ಕೊಂಡಿಯವು, ತೋಡಿನಿಂದ ಹಿಡಿದ ಇಪ್ಪತ್ತು ಸಣ್ಣವು. ಮೇಲೆ ಬಲೆ, ಬಲೆಗೂ ಬೀಗ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಊಟವೂ ಅಲ್ಲೇ. ಮೂರು ದಿನ ಏನೂ ಆಗಲಿಲ್ಲ. ದಿನಾ ಬೆಳಿಗ್ಗೆ ಮಾತ್ರ ಎಣಿಕೆ ಒಂದೊಂದು ಕಡಿಮೆ. ಕಣ್ಣಿಗೆ ಬೀಳದ್ದನ್ನು ಅವರು ಒಪ್ಪಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮೋಡ ಕವಿದು ಕತ್ತಲೆಗಟ್ಟಿತ್ತು. "ಟೀಚರ್ರೇ!" ಎಂದು ಅವರು ಕೂಗಿದ್ದು ನಮ್ಮ ಮನೆಗೆ ಕೇಳಿತು. ನಾನು ಓಡಿಹೋದಾಗ ಅವರ ಹೆಂಡತಿಯೂ ತೊಟ್ಟಿಯ ಹತ್ತಿರ ಬಗ್ಗಿದ್ದರು. ಮೂಲೆಯಲ್ಲಿ ಒಂದು ಸಣ್ಣ ಸಿಗಡಿ ಬೆನ್ನು ಬಿರಿದು ಹಳೆಯ ಚಿಪ್ಪಿನಿಂದ ಹೊರಬಂದು ಪಕ್ಕಕ್ಕೆ ಒರಗಿತ್ತು. ಗಾಜಿನ ಹಾಗೆ, ಆಚೆಯ ಸಿಮೆಂಟು ಕಾಣುತ್ತಿತ್ತು. ಕೊಂಡಿಯದು ಅವಸರವಿಲ್ಲದೆ ನಡೆದು ಬಂತು. ಒಂದು ಕೊಂಡಿಯಿಂದ ಅದನ್ನು ಒತ್ತಿ ಹಿಡಿದು ತಲೆಯಿಂದ ತಿನ್ನಲು ಶುರುಮಾಡಿತು. ತಿಂದು ಮುಗಿಸಿ, ಬಿದ್ದಿದ್ದ ಚಿಪ್ಪನ್ನೂ ತಿಂದಿತು. ಅರ್ಧ ಗಂಟೆಯಲ್ಲಿ ತೊಟ್ಟಿಯ ತಳ ಸ್ವಚ್ಛ.

"ಏನೂ ಉಳಿಸಲಿಲ್ಲ" ಎಂದರು ಶಿರಸ್ತೇದಾರರು. ಆಮೇಲೆ ನನ್ನ ಕಡೆ ತಿರುಗಿದರು. ಕನ್ನಡಕ ಹಣೆಗೆ ಹೋಯಿತು.

"ಇದು ನಿಮಗೆ ಯಾವಾಗ ತಿಳಿಯಿತು?" ಕನ್ನಡದಲ್ಲಿ.

"ಮೊನ್ನೆ" ಎಂದೆ.

"ಮೊನ್ನೆ?"

"ಹೌದು. ಭಾನುವಾರ."

ಅವರು ಎಡಗಿವಿಯನ್ನು ಹಾಗೆಯೇ ಸ್ವಲ್ಪ ಹೊತ್ತು ಹಿಡಿದರು. ಆಮೇಲೆ ಕನ್ನಡಕ ಇಳಿಸಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಪಂಚನಾಮೆಯ ಕಾಗದ ಹಿಡಿದು ಕಾಪುವಿಗೆ ಹೋದರು. ಅಲ್ಲಿ ನಡೆದದ್ದನ್ನು ಅವರ ಹೆಂಡತಿ ನನಗೆ ಹೇಳಿದರು. ಗುಲಾಬಿಯಕ್ಕನ ಸಹಿಯ ಕೆಳಗೆ, "ಮೇಲ್ಕಂಡ ಆರೋಪ ಸುಳ್ಳು, ತಪ್ಪು ನನ್ನದು" ಎಂದು ಬರೆದು ತಮ್ಮ ಸಹಿ ಹಾಕಿ ಅವಳ ಕೈಗೆ ಕೊಟ್ಟರಂತೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ ತಿರುಗಿ ಅವರ ಕೈಗೇ ಇಟ್ಟಳಂತೆ. "ಈ ಕಾಗದ ತಲೆಯ ಮೇಲೆ ಇಟ್ಟುಕೊಂಡು ಹೋಗ್ಲಿಕ್ಕೆ ಆಗ್ತದಾ ಧನಿಗಳೇ? ನಾನು ಹೋಗುವ ಮನೆಯವರಿಗೆ ಗೊತ್ತಾಗುವುದು ಹೇಗೆ?"

"ನಾನು ಹೇಳ್ತೇನೆ."

"ಎಲ್ಲಿ ಹೇಳ್ತೀರಿ?"

"ನೀನು ಹೋಗುವ ಮನೆಗಳಲ್ಲಿ."

ಮೊದಲ ಮಳೆ ಹಿಡಿದ ವಾರ. ದೋಣಿಗಳು ದಡ ಏರಿದ್ದವು, ಗುಲಾಬಿಯಕ್ಕ ಒಣಮೀನು ಹೊತ್ತು ಬರುವ ಕಾಲ. ನಾಲ್ಕು ದಿನ ಶಿರಸ್ತೇದಾರರು ಕೊರಳಿನ ಗುಂಡಿ ಹಾಕಿ, ಕೊಡೆ ಹಿಡಿದು, ಒಣಮೀನಿನ ಬುಟ್ಟಿಯ ಮುಂದೆ ನಡೆದರು. ಪ್ರತಿ ಮನೆಯ ಅಂಗಳದಲ್ಲಿ ನಿಂತು ಯಜಮಾನರನ್ನೂ ಹೆಂಗಸರನ್ನೂ ಹೊರಗೆ ಕರೆದು ಒಂದೇ ಮಾತು ಹೇಳುವರು. "ಇವರು ಕದ್ದಿಲ್ಲ. ಕದ್ದರೆಂದು ಹೇಳಿದ್ದು ನಾನು. ಅದು ಸುಳ್ಳು. ಸಿಗಡಿಯನ್ನು ಸಿಗಡಿಯೇ ತಿಂದದ್ದು." ಕೆಲವರು ಮುಜುಗರದಿಂದ ಕೈಮುಗಿದರು. ಒಂದು ಮನೆಯಲ್ಲಿ, "ಸಿಗಡಿಯನ್ನು ಸಿಗಡಿ ತಿಂತದಾ? ನಿಮಗೆ ಎಂತ ಆಗಿದೆ ಶಿರಸ್ತೇದಾರ್ರೇ?" ಎಂದು ನಕ್ಕರು. ಅಲ್ಲಿ ಅವರು ಚಿಪ್ಪು ಕಳಚುವುದರಿಂದ ಹಿಡಿದು ಎಲ್ಲವನ್ನೂ ವಿವರಿಸಿ, ಆ ಮನೆಯವರು ನಗು ನಿಲ್ಲಿಸಿದ ಮೇಲೆಯೇ ಅಂಗಳ ಇಳಿದರಂತೆ.

ಮೂರನೆಯ ದಿನ ನಮ್ಮ ಮನೆಗೆ ಬಂದರು. ನನಗೆ ಎಲ್ಲ ತಿಳಿದದ್ದೇ. ಬಿಟ್ಟು ಮುಂದೆ ಹೋಗಬಹುದಿತ್ತು. ಬಿಡಲಿಲ್ಲ. ಅಮ್ಮನನ್ನೂ ನನ್ನನ್ನೂ ನಿಲ್ಲಿಸಿ ಅದೇ ಮಾತು, ಅದೇ ದನಿಯಲ್ಲಿ ಹೇಳಿದರು. ಅಮ್ಮ ಒಳಗೆ ಹೋಗಿ ತಂಬಿಗೆ ತಂದು ಬಾವಿಕಟ್ಟೆಯ ಮೇಲಿಟ್ಟು, ತಾನೇ ನೀರು ಸೇದಿ ಗುಲಾಬಿಯಕ್ಕನಿಗೆ ಕೊಟ್ಟಳು. ಶಿರಸ್ತೇದಾರರು ಹೊರಡಲಿಲ್ಲ. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ನನ್ನನ್ನು ನೋಡಿದರು, ಗುಲಾಬಿಯಕ್ಕನೂ ನೋಡಿದಳು. ಯಾರೂ ಏನೂ ಕೇಳಲಿಲ್ಲ. ನಾನು ಒಣಮೀನು ಆರಿಸುವವಳ ಹಾಗೆ ಬುಟ್ಟಿಗೆ ಬಗ್ಗಿದೆ.

ಆಮೇಲೆ ಅವರು ಕೆರೆಯನ್ನು ಬಿಡಲಿಲ್ಲ. ಎರಡು ಭಾಗ ಮಾಡಿಸಿದರು. ಒಂದರಲ್ಲಿ ಕೊಂಡಿಯವು, ತಳಕ್ಕೆ ಒಡೆದ ಹಂಚಿನ ರಾಶಿ, ಇನ್ನೊಂದರಲ್ಲಿ ಸಣ್ಣವು. ತಕ್ಕಮಟ್ಟಿಗೆ ಬೆಳೆದವು. ಗುಲಾಬಿಯಕ್ಕನನ್ನು ಮತ್ತೆ ಕರೆದರು. "ನಿಮ್ಮ ಮನೆಗೆ ಮೀನು ತರ್ತೇನೆ ಧನಿಗಳೇ, ಕೆರೆಗೆ ಬರುವುದಿಲ್ಲ" ಎಂದಳು. ಅವರು ಸರಿ ಎಂದರು. ಅಲ್ಲಿಂದ ಹಿಂಡಿಯನ್ನು ತಾವೇ ಕಲಸಿದರು. ಸಂಶಯ ಪಡುವುದನ್ನು ಬಿಟ್ಟರೇ? ಇಲ್ಲ. ಬಸ್ಸಿನ ಟಿಕೇಟು, ಅಂಗಡಿಯ ತಕ್ಕಡಿ, ಪಂಚಾಯತಿನ ರಸೀದಿ ಎಲ್ಲದರ ಮೇಲೂ ಅದೇ ಎಡಗಿವಿ.

ನನ್ನೊಡನೆ ಮಾತ್ರ ಅವರು ಮತ್ತೆಂದೂ ಕನ್ನಡ ಆಡಲಿಲ್ಲ. ಎದುರು ಸಿಕ್ಕರೆ ತುಳು, ಮೆದುವಾದ ತುಳು. ಉಡುಪಿಗೆ ಹೋಗಿದ್ದೆ ಎಂದರೆ "ಆಗಲಿ" ಎನ್ನುವರು. ತಿರುಗಿ ಕೇಳುವುದಿಲ್ಲ. ಆ ಮೆದುತನ ನನ್ನನ್ನು ಸುಟ್ಟಿತು. ಗೊತ್ತಿದೆಯೋ, ಇಲ್ಲವೋ? ಗೊತ್ತಿದ್ದರೆ ಯಾಕೆ ಕೇಳುವುದಿಲ್ಲ? ಅವರ ಜಗಲಿಯಲ್ಲಿ ಕೂತರೆ ಈಗ ನಾನೇ ಕಿವಿ ಮುಂದೆ ಮಾಡಿ ಅವರ ಮಾತಿನ ಹಿಂದೆ ಏನಿದೆ ಎಂದು ಹುಡುಕುತ್ತಿದ್ದೆ. ಅವರು ಕೆಮ್ಮಿದರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಹತ್ತು ವರ್ಷ ಹೀಗೆ ಹೋಯಿತು. ನಾನು ಡೆಮಾನ್‌ಸ್ಟ್ರೇಟರ್ ಹುದ್ದೆಯಿಂದ ಲೆಕ್ಚರರ್ ಆದೆ. ಪ್ರತಿ ವರ್ಷ ಸಿಗಡಿಯ ಪಾಠ ಮಾಡಿದೆ.

ಸುದ್ದಿ ಬಂದ ದಿನ ಅವರ ಮನೆಗೆ ಹೋದೆ. ಕಾರ್ಕಳದಿಂದ ಹಳೆಯ ಸಹೋದ್ಯೋಗಿಗಳು ಬರಬೇಕೆಂದು ಕಾಯುತ್ತಿದ್ದರು. ಕೊರಳಿನ ಗುಂಡಿ ಹಾಕಿಯೇ ಮಲಗಿಸಿದ್ದರು. ನಾನು ಹೊರಬಂದಾಗ ಅಂಗಳದ ಮೂಲೆಯಲ್ಲಿ ಗುಲಾಬಿಯಕ್ಕ ಕೂತಿದ್ದಳು. ಕೂದಲು ಅರ್ಧ ನೆರೆದಿತ್ತು. ಮಾರಾಟಕ್ಕೆ ಹೊರಟವಳು ಬುಟ್ಟಿಯನ್ನು ಗೇಟಿನ ಹೊರಗೆ ಇಳಿಸಿ ಬಂದಿದ್ದಳು. ನಾನು ಅವಳ ಪಕ್ಕ ಕೂತೆ.

"ಗುಲಾಬಿಯಕ್ಕ" ಎಂದೆ, "ಆ ವರ್ಷ ಸಿಗಡಿ ಹೋದದ್ದು ಹೇಗೆ ಅಂತ ನನಗೆ ಮೊದಲೇ ಗೊತ್ತಾಗಿತ್ತು. ಐದು ವಾರ ಮೊದಲು. ಹೆದರಿ ಹೇಳಲಿಲ್ಲ."

ಅವಳು ನನ್ನ ಕಡೆ ತಿರುಗಲಿಲ್ಲ. "ಗೊತ್ತುಂಟು ಟೀಚರ್" ಎಂದಳು.

"ಯಾರು ಹೇಳಿದ್ದು?"

"ಧನಿಗಳು. ಆ ದಿನ ಮಳೆಯಲ್ಲಿ ನಿಮ್ಮ ಗೇಟು ದಾಟಿದ ಮೇಲೆ. ಟೀಚರಿಗೆ ಮೊದಲೇ ಗೊತ್ತಿತ್ತು ಅಂತ ನನಗೆ ಸಂಶಯ ಉಂಟು ಅಂದ್ರು. ನನಗೆ ಸಿಟ್ಟು ಬಂತು, ತಿರುಗಿ ಹೋಗಿ ಕೇಳ್ತೇನೆ ಅಂದೆ. ಬೇಡ ಅಂದ್ರು. ಕೋರ್ಟಿನಲ್ಲಿ ಮೂವತ್ತು ವರ್ಷ ನೋಡಿದ್ದೇನೆ, ಕೇಳಿದ್ರೆ ಸುಳ್ಳು ಹೇಳ್ತಾರೆ, ಕೇಳದಿದ್ರೆ ಒಂದು ದಿನ ತಾವಾಗಿಯೇ ಹೇಳ್ತಾರೆ ಅಂದ್ರು."

ಒಳಗಿನಿಂದ ಯಾರೋ ಕರೆದರು. ಕಾರ್ಕಳದವರು ಬಂದಿದ್ದರು. ಗುಲಾಬಿಯಕ್ಕ ಮೊಣಕಾಲಿಗೆ ಕೈ ಊರಿ ಎದ್ದಳು.

"ಅವರು ಇರುವಾಗ ಹೇಳ್ಬೇಕಿತ್ತು ಟೀಚರ್" ಎಂದಳು. "ನಾನು ಮೀನು ಕೊಡ್ಲಿಕ್ಕೆ ಬಂದಾಗೆಲ್ಲ ಕೇಳ್ತಿದ್ರು, ಟೀಚರ್ ಹೇಳಿದ್ರಾ ಅಂತ."